ಗೂಢಚಾರನಿಗೂ ಒಂದು ಮನೆ

ಪತ್ತೇದಾರಿ ಕಾದಂಬರಿಗಳ ಗೂಢಚಾರನಿಗೆ ಬುದ್ಧಿಯಿರುತ್ತದೆ, ಧೈರ್ಯವಿರುತ್ತದೆ. ಮನೆಮಂದಿ ಮಾತ್ರ ಇರುವುದಿಲ್ಲ. ವಿಶಾಖದತ್ತನ 'ಮುದ್ರಾರಾಕ್ಷಸ' ಹಾಗಲ್ಲ. ಅಲ್ಲಿ ಕಥೆ ನಡೆಯುವುದೇ ಮನೆಮಂದಿಯಿಂದ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣನು ಇದೇ ಕಥೆಯನ್ನು 'ಮುದ್ರಾಮಂಜೂಷ'ವೆಂಬ ಗದ್ಯಗ್ರಂಥವಾಗಿ ಕನ್ನಡಿಗರಿಗೆ ಕೊಟ್ಟನು. ಚಾಣಕ್ಯನ ತಂತ್ರವನ್ನು ಹೊಗಳುವವರು ಬಹಳ. ಆ ತಂತ್ರಕ್ಕೆ ಕೈಯಾದವರ ಮನಸ್ಸನ್ನು ವಿಚಾರಿಸುವವರು ಕಡಿಮೆ.

ನಾಟಕದಲ್ಲಿ, ನಂದರ ಮಂತ್ರಿ ರಾಕ್ಷಸನು ಪಾಟಲಿಪುತ್ರವನ್ನು ಬಿಡುವಾಗ ಹೆಂಡತಿ ಮಕ್ಕಳನ್ನು ರತ್ನವ್ಯಾಪಾರಿ ಚಂದನದಾಸನ ಮನೆಯಲ್ಲಿರಿಸುತ್ತಾನೆ. ಯಮಪಟ ಹಿಡಿದು ಹಾಡುತ್ತ ಬಂದ ಚಾಣಕ್ಯನ ಗೂಢಚಾರನನ್ನು ನೋಡಲು ಮಗುವೊಂದು ಹೊರಗೆ ಓಡಿಬರುತ್ತದೆ. ಗಾಬರಿಯಿಂದ ಅದನ್ನು ಒಳಕ್ಕೆಳೆಯುವ ತಾಯಿಯ ಬೆರಳಿನಿಂದ ಗಂಡನ ಮುದ್ರೆಯುಂಗುರ ಜಾರಿ ಬೀಳುತ್ತದೆ. ಆ ಮುದ್ರೆಯೊತ್ತಿದ ಸುಳ್ಳು ಓಲೆಯೇ ರಾಕ್ಷಸನನ್ನು ಅವನ ಮಿತ್ರರಾಜ ಮಲಯಕೇತುವಿನಿಂದ ಅಗಲಿಸುತ್ತದೆ. ಕಚೇರಿಯಲ್ಲಿ ದಿನವೂ ಮೊಹರು ಒತ್ತುವ ನಮ್ಮಂಥವರಿಗೆ ಈ ಸನ್ನಿವೇಶ ಮೈ ಜುಮ್ಮೆನಿಸುತ್ತದೆ.

ಮಲಯಕೇತುವಿನ ನೆಚ್ಚಿನ ಗೆಳೆಯ ಭಾಗುರಾಯಣನೂ ಚಾಣಕ್ಯನ ಕಡೆಯವನೇ. ತನ್ನನ್ನು ಇಷ್ಟು ಪ್ರೀತಿಸುವವನಿಗೆ ವಂಚಿಸಬೇಕಲ್ಲ ಎಂದು ಅವನು ಐದನೆಯ ಅಂಕದಲ್ಲಿ ಕೊರಗುತ್ತಾನೆ; ಹಣಕ್ಕೆ ದುಡಿಯುವವನಿಗೆ ಈ ವಿಚಾರವೆಲ್ಲ ಏಕೆಂದು ತನ್ನನ್ನೇ ಗದರಿಸಿಕೊಂಡು ಕೆಲಸಕ್ಕೆ ತೊಡಗುತ್ತಾನೆ.

ಇದೇ ಸಂಕಟವನ್ನು 2018ರಲ್ಲಿ ಮೇಘನಾ ಗುಲ್ಜಾರ್ ಅವರ ಹಿಂದಿ ಚಿತ್ರ 'ರಾಜಿ' ವಿಸ್ತಾರವಾಗಿ ತೋರಿಸಿತು. 1971ರ ಯುದ್ಧದ ಮುನ್ನ ಪಾಕಿಸ್ತಾನದ ಸೇನಾಧಿಕಾರಿಗಳ ಮನೆಗೆ ಸೊಸೆಯಾಗಿ ಹೋಗುವ ಸೆಹಮತ್‌ಳನ್ನು ಆ ಕೆಲಸಕ್ಕೆ ಕಳಿಸಿದವನು ಹೆತ್ತ ತಂದೆ; ಅವಳು ವಂಚಿಸಬೇಕಾದವನು ಒಲಿದ ಗಂಡ. ತವರಿಗೆ ನಿಷ್ಠೆಯೆಂದರೆ ಸೇರಿದ ಮನೆಗೆ ದ್ರೋಹ! ಶತ್ರುವಿನ ಮನೆಯನ್ನೂ ಮನುಷ್ಯರ ಮನೆಯಾಗಿಯೇ ತೋರಿಸಿದ್ದು ಚಿತ್ರದ ದೊಡ್ಡ ಗುಣ. ಆದರೆ ನಾಯಕಿಯ ಕಣ್ಣೀರು ಹೆಚ್ಚಿದಷ್ಟೂ ನಾವು ಅವಳನ್ನು ಬೇಗ ಕ್ಷಮಿಸುತ್ತೇವೆ. ಅವಳ ಕೈಯಲ್ಲಿ ಸತ್ತ ಸೇವಕ ಅಬ್ದುಲ್ ಮರೆತೇಹೋಗುತ್ತಾನೆ. ವಿಶಾಖದತ್ತನು ಭಾಗುರಾಯಣನಿಗೆ ಕೆಲವೇ ಮಾತು ಕೊಟ್ಟಿದ್ದಾನೆ, ಕ್ಷಮೆ ಕೊಟ್ಟಿಲ್ಲ. ನಮಗೆ ಇದೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ನಾಟಕದ ಕೊನೆಯನ್ನು ನೋಡಿ. ರಾಕ್ಷಸನ ಸಂಸಾರವನ್ನು ಒಪ್ಪಿಸದ ಚಂದನದಾಸನು ಶೂಲಕ್ಕೂ ಸಿದ್ಧನಾಗುತ್ತಾನೆ; ಅವನನ್ನು ಉಳಿಸಲು ರಾಕ್ಷಸನು ತಾನಾಗಿ ಬಂದು ಚಂದ್ರಗುಪ್ತನ ಮಂತ್ರಿಪದವಿಯನ್ನು ಒಪ್ಪುತ್ತಾನೆ. ಸೆರೆಸಿಕ್ಕ ಮಲಯಕೇತುವಿನ ಪ್ರಾಣಕ್ಕಾಗಿ ಬೇಡುವವನೂ ಅವನಿಂದಲೇ ದೂರವಾದ ಈ ರಾಕ್ಷಸನೇ. ರಾಜ್ಯವು ಬಳಸಿಕೊಂಡದ್ದು ವಂಚಿಸಬಲ್ಲವರನ್ನು. ಮಂತ್ರಿಯಾಗಿ ಬಯಸಿದ್ದು ವಂಚಿಸಲಾರದವನನ್ನು.

ಹೈದರಾಬಾದಿನ ಕಂಚನ್‌ಬಾಗಿನ ರಕ್ಷಣಾ ಪ್ರಯೋಗಾಲಯಗಳಲ್ಲಿ ದುಡಿಯುವವರು ಕಚೇರಿಯ ಮಾತನ್ನು ಮನೆಯಲ್ಲಿ ಆಡುವಂತಿಲ್ಲ. ಅದು ಕರ್ತವ್ಯ, ಮನೆಯವರು ಅರಿತು ನಡೆಯುತ್ತಾರೆ. ಆದರೆ ಮನೆಯ ಪ್ರೀತಿಯನ್ನೇ ಆಯುಧ ಮಾಡಿಕೊಳ್ಳುವುದು ಬೇರೆಯ ಮಾತು. ಈ ಗೆರೆ ಎಲ್ಲಿದೆಯೆಂದು ನಮ್ಮ ಮಕ್ಕಳು ಅರಿಯಬೇಕಾದರೆ ಚಿತ್ರವನ್ನು ನೋಡಲಿ. ಆಮೇಲೆ ನಾಟಕವನ್ನೂ ಓದಲಿ.