ಲಸಿಕೆ ಇಡಲು ಎಂಥ ಫ್ರಿಜ್?

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳಲ್ಲಿ ಬೇಸಿಗೆಯ ಮಧ್ಯಾಹ್ನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸದೇನಲ್ಲ. ಲಸಿಕೆ ಬಿಸಿಯಿಂದ ಕೆಡುತ್ತದೆ ಎಂಬ ಎಚ್ಚರ ಇಲ್ಲಿ ಸಹಜ. ಅತಿ ಚಳಿಯಿಂದಲೂ ಕೆಡುತ್ತದೆ ಎಂಬುದು ಮರೆತುಹೋಗುತ್ತದೆ. ಚಿಕಿತ್ಸಾಲಯಕ್ಕೆ ಫ್ರಿಜ್ ಆರಿಸುವಾಗ ಆಗುವ ತಪ್ಪಿನ ಮೂಲ ಇದೇ.

ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. 2021ರಲ್ಲಿ ವ್ಯಾಪಕವಾಗಿ ಬಳಸಿದ ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗಳಿಗೂ ಇದೇ ಮಿತಿ. ಹೆಪಟೈಟಿಸ್-ಬಿ, ಪೆಂಟಾವೇಲೆಂಟ್ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣದ ಸೂಕ್ಷ್ಮ ಕಣಗಳಿರುತ್ತವೆ. ಲಸಿಕೆ ಹೆಪ್ಪುಗಟ್ಟಿದರೆ ಈ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕರಗಿಸಿದರೂ ಹಿಂದಿನ ಸಾಮರ್ಥ್ಯ ಮರಳುವುದಿಲ್ಲ. ಸೀಸೆಯ ಮೇಲಿನ ಬಣ್ಣ ಬದಲಾಗುವ ಗುರುತು ಬಿಸಿ ತಗುಲಿದ್ದನ್ನು ತೋರಿಸೀತು, ಹೆಪ್ಪುಗಟ್ಟಿದ್ದನ್ನು ತೋರಿಸದು. ಮಗುವಿನ ಕಾರ್ಡಿನಲ್ಲಿ ದಿನಾಂಕ ಬೀಳುತ್ತದೆ, ರಕ್ಷಣೆ ಮಾತ್ರ ಸಿಗದೇ ಹೋಗಬಹುದು.

ಅಂಗಡಿಯಲ್ಲಿ ಲೀಟರ್ ಮತ್ತು ಸ್ಟಾರ್ ನೋಡಿ ಕೊಳ್ಳುವುದು ರೂಢಿ. ಸ್ಟಾರ್ ತಿಳಿಸುವುದು ವಿದ್ಯುತ್ ಉಳಿತಾಯವನ್ನು. ಒಳಗಿನ ಉಷ್ಣತೆಯ ಸ್ಥಿರತೆಯನ್ನಲ್ಲ. ತಿರುಗಿಸುವ ಗುಂಡಿಯ ಮೇಲಿನ ಅಂಕಿಗಳೂ ಡಿಗ್ರಿಗಳಲ್ಲ. ಒಂದೇ ಬಾಗಿಲಿನ ಮನೆಬಳಕೆಯ ಫ್ರಿಜ್‌ನಲ್ಲಿ ಫ್ರೀಜರ್ ಕೆಳಗಿನ ಜಾಗ ಸೊನ್ನೆಗಿಂತ ಇಳಿಯಬಹುದು, ಬಾಗಿಲಿನ ಅರೆ 8 ಡಿಗ್ರಿ ದಾಟಬಹುದು. ಬಾಗಿಲು ತೆರೆದಾಗಲೆಲ್ಲ ಸಾಂದ್ರವಾದ ತಣ್ಣನೆಯ ಗಾಳಿ ಕೆಳಗಿನಿಂದ ಹೊರಗೆ ಹರಿಯುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರಗಳ ಐಎಲ್‌ಆರ್ ಪೆಟ್ಟಿಗೆಗೆ ಬಾಗಿಲು ಮೇಲಿರುತ್ತದೆ. ತಣ್ಣನೆಯ ಗಾಳಿ ಒಳಗೇ ಉಳಿಯುತ್ತದೆ. ಒಳಗೋಡೆಯ ಸುತ್ತ ಮಂಜುಗಡ್ಡೆ ಇರುತ್ತದೆ. ಒಂದು ಲೆಕ್ಕ ಹಾಕೋಣ. ಹೊರಗಿನಿಂದ 40 ವಾಟ್ ದರದಲ್ಲಿ ಶಾಖ ಒಳಬರುತ್ತಿದೆ ಎಂದುಕೊಳ್ಳಿ. 10 ಕಿಲೋಗ್ರಾಂ ನೀರು 2ರಿಂದ 8 ಡಿಗ್ರಿಗೆ ಏರಲು 252 ಕಿಲೋಜೂಲ್ ಸಾಕು. ಅದು ಒಂದೂಮುಕ್ಕಾಲು ಗಂಟೆಯ ಮಾತು. ಅಷ್ಟೇ ಮಂಜುಗಡ್ಡೆ ಕರಗಲು 3,340 ಕಿಲೋಜೂಲ್ ಬೇಕು. ಸುಮಾರು 23 ಗಂಟೆ. ಗುಪ್ತೋಷ್ಣದ ಪಾಠ ಇಲ್ಲಿ ವಿದ್ಯುತ್ ಕಡಿತಕ್ಕೆ ಉತ್ತರವಾಗಿದೆ. ಆದರೂ ಐಎಲ್‌ಆರ್‌ನ ತಳ ಹೆಚ್ಚು ತಣ್ಣಗಿರುವುದರಿಂದ, ಹೆಪ್ಪುಗಟ್ಟಿದರೆ ಕೆಡುವ ಲಸಿಕೆಗಳನ್ನು ಬುಟ್ಟಿಯಲ್ಲಿ ಮೇಲೆಯೇ ಇಡಬೇಕು.

ಇಂಥ ಪೆಟ್ಟಿಗೆಯ ಬೆಲೆ ಹೆಚ್ಚು, ನಿಜ. ಆದರೆ ಕಡಿಮೆ ಬೆಲೆಯ ಫ್ರಿಜ್‌ನಲ್ಲಿ ಕೆಟ್ಟ ಲಸಿಕೆಯ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಯಾವ ಪೆಟ್ಟಿಗೆಯೇ ಇರಲಿ, ಗರಿಷ್ಠ-ಕನಿಷ್ಠ ಉಷ್ಣತೆ ದಾಖಲಿಸುವ ಮಾಪಕ ಒಳಗಿರಲೇಬೇಕು. ಊಟದ ಡಬ್ಬಿ ಇರಕೂಡದು.

ಶಿಕ್ಷಕರು ಇದನ್ನು ಪ್ರಯೋಗವಾಗಿಸಬಹುದು. ಮನೆಯ ಫ್ರಿಜ್‌ನ ಫ್ರೀಜರ್ ಕೆಳಗೆ, ನಡುವಿನ ತಟ್ಟೆಯಲ್ಲಿ, ಬಾಗಿಲಿನಲ್ಲಿ ಒಂದೊಂದು ನೀರಿನ ಲೋಟವಿಟ್ಟು ರಾತ್ರಿ ಕಳೆದ ಮೇಲೆ ಉಷ್ಣತೆ ಅಳೆಯಿರಿ. ಮೂರು ಅಂಕಿಗಳ ಅಂತರವನ್ನು ವಿದ್ಯಾರ್ಥಿಗಳೇ ವಿವರಿಸಲಿ.