ಎತ್ತಿಟ್ಟ ಗುಡಿ, ಮುಳುಗಿದ ಕೇರಿ

ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯ ಬಳಿ ಮತ್ತೆ ಕಟ್ಟಿ ನಿಲ್ಲಿಸಿದ ಮೇಲೆ, ಒಂದು ಸಲ ನಮ್ಮ ದೊಡ್ಡವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವಳ ತಾಯಿಯ ತವರು ಕೆಆರ್‌ಎಸ್ ನೀರಿನೊಳಗೆ ಹೋದ ಊರುಗಳಲ್ಲಿ ಒಂದು. ದೊಡ್ಡವ್ವ ಪ್ರಾಕಾರವನ್ನೆಲ್ಲ ಒಂದು ಸುತ್ತು ಹಾಕಿ, ಕಂಬ ಮುಟ್ಟಿ ನೋಡಿ, ನೀರಿನ ಕಡೆ ತಿರುಗಿ ಕೂತಳು. ಆಮೇಲೆ ಕೇಳಿದಳು: 'ಗುಡೀನ ತಂದು ಇಲ್ಲಿ ಮಡಗವ್ರೆ, ಸರಿ ಕಣ್ ಮಗ. ಕೇರೀನ ಎಲ್ಲಿ ಮಡಗವ್ರೆ?'

ನಾನು ಉತ್ತರ ಕೊಡಲಿಲ್ಲ. ಈ ಲೇಖನ ಆ ಪ್ರಶ್ನೆಯ ಸುತ್ತಲೇ ಇದೆ.

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಗುಡಿ ಮುಳುಗಿತು, ಊರೂ ಮುಳುಗಿತು. ಬರದ ವರ್ಷಗಳಲ್ಲಿ ನೀರು ಇಳಿದಾಗ ಗುಡಿ ಮೇಲೆದ್ದು ಕಾಣುತ್ತಿತ್ತು. ಪತ್ರಿಕೆಗಳಲ್ಲಿ ಫೋಟೋ ಬರುತ್ತಿತ್ತು. ಕೊನೆಗೆ ಖೋಡೆ ಪ್ರತಿಷ್ಠಾನದವರು ಅದನ್ನು ಎತ್ತಿ ಕಟ್ಟಿಸಿದರು. ಗುಡಿ ಕಲ್ಲಿನದು, ಆದ್ದರಿಂದ ಕಾದಿತ್ತು. ಕೇರಿ ಮಣ್ಣಿನದು, ಹುಲ್ಲಿನದು. ಮೊದಲ ಮಳೆಗಾಲದ ನೀರಿಗೇ ಕರಗಿರಬೇಕು. ಜಮೀನಿದ್ದವನಿಗೆ ಮುಳುಗಿದ್ದು ಇಷ್ಟು ಎಕರೆ ಎಂದು ಲೆಕ್ಕ ಬರೆಯಬಹುದು. ಜಮೀನೇ ಇಲ್ಲದ ಜೀತದಾಳಿಗೆ ಮುಳುಗಿದ್ದು ಏನು ಅಂತ ಯಾವ ಶಾನುಭೋಗ ಬರೆದುಕೊಂಡಾನು?

ಇದೇ ಸೀಮೆಯಲ್ಲಿ ಇನ್ನೊಂದು ಎತ್ತಿಡುವಿಕೆ ನಡೆಯಿತು. ಬೆಂಗಳೂರು-ಮೈಸೂರು ಜೋಡಿ ರೈಲುಹಳಿಗೆ ಅಡ್ಡ ಬಂತು ಅಂತ, ಶ್ರೀರಂಗಪಟ್ಟಣ ಸ್ಟೇಷನ್ ಹತ್ತಿರದ ಟಿಪ್ಪು ಕಾಲದ ಮದ್ದಿನ ಮನೆಯೊಂದನ್ನು 2017ರಲ್ಲಿ ಬುಡಸಮೇತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಸುಮಾರು ಸಾವಿರ ಟನ್ ತೂಕದ ಇಟ್ಟಿಗೆ-ಗಾರೆ ಕಟ್ಟಡ. ಅಮೆರಿಕದ ಕಂಪನಿಯ ತಂತ್ರಜ್ಞಾನ, ಜಾಕಿಗಳು, ಇಂಜಿನಿಯರುಗಳು. ನಾನೂ ಬಾಯಿ ಬಿಟ್ಟುಕೊಂಡೇ ನೋಡಿದವನು. ಅದನ್ನು ಒಡೆಯದೆ ಉಳಿಸಿದ್ದು ಸರಿಯಾದ ಕೆಲಸವೇ. ಆದರೆ ಒಂದು ಮನೆಯನ್ನು ಬುಡಸಮೇತ ಎತ್ತಿಡಲು ಈ ದೇಶಕ್ಕೆ ಬರುತ್ತದೆ, ಮನಸ್ಸು ಮಾಡಿದರೆ ಆಗುತ್ತದೆ ಎಂಬುದು ಅವತ್ತು ನಮ್ಮ ಜನಕ್ಕೂ ಗೊತ್ತಾಯಿತು.

ನಮ್ಮ ವಿಮರ್ಶೆ ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಪಂಪನಿಂದ ಕುವೆಂಪುವರೆಗೆ ಪ್ರತಿ ಪಠ್ಯವನ್ನೂ ಹಿಡಿದು, ಇದರಲ್ಲಿ ಹೊಲೆಯ ಎಲ್ಲಿದ್ದಾನೆ, ಮಾದಿಗ ಎಲ್ಲಿದ್ದಾನೆ, ಅವನ ಬಾಯಲ್ಲಿ ಯಾರ ಮಾತು ತುರುಕಿದ್ದಾರೆ ಎಂದು ನಾವು ಕೇಳಿದೆವು. ಕೋಟೆಗೆ ಹೋದಾಗ ಮಾತ್ರ ಪ್ರವಾಸಿಗರಾಗಿಬಿಟ್ಟೆವು. ಗೈಡು ಹೇಳಿದ್ದಕ್ಕೆ ತಲೆಯಾಡಿಸಿ, ಸೌತೆಕಾಯಿ ತಿಂದು ಬಂದೆವು. ಕಲ್ಲೂ ಒಂದು ಪಠ್ಯ. ಅದನ್ನು ಬರೆಸಿದವನೂ ಇದ್ದಾನೆ, ಕಡಿದವನೂ ಇದ್ದಾನೆ.

ಶ್ರೀರಂಗಪಟ್ಟಣದ ಕೋಟೆಗೋಡೆಯನ್ನು ಒಡೆದು ಕಂಪನಿ ಸೈನ್ಯ ಒಳನುಗ್ಗಿದ ಜಾಗದ ಹತ್ತಿರ ಒಂದು ಸ್ಮಾರಕಸ್ತಂಭ ಇದೆ. 1907ರಲ್ಲಿ ಮೈಸೂರು ಸರ್ಕಾರ, ಅಂದರೆ ನಾಲ್ವಡಿಯವರ ಸರ್ಕಾರ, ನಿಲ್ಲಿಸಿದ್ದು. 1799ರ ಮುತ್ತಿಗೆಯಲ್ಲಿ ಸತ್ತ ಅಧಿಕಾರಿಗಳ ನೆನಪಿಗೆ. ಮದ್ರಾಸಿನ ಪಯೋನಿಯರುಗಳು ಆ ಮುತ್ತಿಗೆಯಲ್ಲಿದ್ದರು. ಕಂದಕ ತೋಡಿ, ದಾರಿ ಮಾಡಿ, ಏಣಿ ಹೊತ್ತು ಹೋಗುವುದು ಅವರ ಕೆಲಸ. ಮದ್ರಾಸ್ ಸೈನ್ಯಕ್ಕೆ ಆ ಕಾಲದಲ್ಲಿ ಪರೆಯರು ದಂಡಿಯಾಗಿ ಸೇರುತ್ತಿದ್ದರು ಎಂಬುದು ಸೈನ್ಯದ ಚರಿತ್ರೆ ಓದಿದವರಿಗೆಲ್ಲ ಗೊತ್ತು. ಸ್ತಂಭ ನೆನೆಯುವುದು ಅಧಿಕಾರಿಗಳನ್ನು. ಗುಂಡಿ ತೋಡಿದವನು ಗುಂಡಿಯಲ್ಲೇ ಉಳಿದ.

ಇದನ್ನು ಭೀಮಾ ಕೋರೆಗಾಂವ್ ಕಂಬದ ಪಕ್ಕ ಇಟ್ಟು ನೋಡಿ. ಅದನ್ನು ನಿಲ್ಲಿಸಿದ್ದೂ ಕಂಪನಿಯೇ, ತನ್ನ ಗೆಲುವಿನ ಜಂಬಕ್ಕೇ. 1818ರ ಜನವರಿ 1ರ ಕಾಳಗ ಅದು. ಆದರೆ ಆ ಕಂಬದಲ್ಲಿ 'ನಾಕ್' ಎಂದು ಕೊನೆಯಾಗುವ ಮಹಾರ್ ಹೆಸರುಗಳಿವೆ. 1927ರ ಜನವರಿ 1ರಂದು ಅಂಬೇಡ್ಕರ್ ಅಲ್ಲಿಗೆ ಹೋದರು. ಆಮೇಲೆ ಅದು ಕಂಪನಿಯ ಕಂಬವಾಗಿ ಉಳಿಯಲಿಲ್ಲ. ಹೆಸರು ಇದ್ದುದರಿಂದ ಅಷ್ಟೆಲ್ಲ ಆಯಿತು. ಹೆಸರೇ ಇಲ್ಲದ ನಮ್ಮ ಕಂಬದ ಮುಂದೆ ನಿಂತು ಯಾರನ್ನು ನೆನೆಯುವುದು?

ಟಿಪ್ಪುವಿನ ಕಡೆಗೂ ಇದೇ ಪ್ರಶ್ನೆ ಹಾಕಬೇಕು. ಅವನ ರಾಕೆಟ್ಟುಗಳ ಬಗ್ಗೆ ನಾವು ಎದೆಯುಬ್ಬಿಸಿ ಮಾತಾಡುತ್ತೇವೆ. ಕಬ್ಬಿಣದ ಕೊಳವೆಯನ್ನು ಬಿದಿರಿಗೆ ಬಿಗಿಯುತ್ತಿದ್ದದ್ದು ಚರ್ಮದ ಪಟ್ಟಿಯಿಂದ. 2018ರಲ್ಲಿ ಹೊಸನಗರದ ನಗರದಲ್ಲಿ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆ ಸಿಕ್ಕಿದಾಗ ಕಬ್ಬಿಣದ ಬಗ್ಗೆ, ಮದ್ದಿನ ಬಗ್ಗೆ ಬರೆದವರುಂಟು. ಚರ್ಮ ಸುಲಿದು, ತಂಗಡಿ ಚಕ್ಕೆಯಲ್ಲಿ ಹದ ಮಾಡಿ, ವಾರು ಕೊಯ್ದ ಕೈಯ ಬಗ್ಗೆ ಒಂದು ಸಾಲು ನಾನು ಕಂಡಿಲ್ಲ. ಇತ್ತ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ದೊರೆ ಒಳ್ಳೆಯವನೋ ಕೆಟ್ಟವನೋ ಎಂಬ ಜಗಳದಲ್ಲಿ ವಾರು ಕೊಯ್ದವನಿಗೆ ಎರಡು ಕಡೆಯವರೂ ಜಾಗ ಬಿಡಲಿಲ್ಲ.

ಹೆಸರಿನ ವಿಚಾರಕ್ಕೆ ಪಾಂಡವಪುರವನ್ನೇ ನೋಡಬಹುದು. ಹಿಂದೆ ಹಿರೋಡೆ. ಹೈದರ್-ಟಿಪ್ಪು ಕಾಲದಲ್ಲಿ ಫ್ರೆಂಚ್ ದಂಡು ಬೀಡುಬಿಟ್ಟಿದ್ದಕ್ಕೆ ಫ್ರೆಂಚ್ ರಾಕ್ಸ್ ಆಯಿತು. ಪರಂಗಿಯವರ ಹೆಸರು ಬೇಡ ಅಂದಾಗ ಹಳೆಯ ಹೆಸರು ವಾಪಸ್ ಬರಲಿಲ್ಲ, ಕುಂತಿಬೆಟ್ಟದ ಪಾಂಡವರು ಬಂದರು. ದಂಡು ಇಳಿಯಿತು, ಪುರಾಣ ಹತ್ತಿತು.

ಇನ್ನು ಶಾಸನಗಳು. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಹೊಸ ಆವೃತ್ತಿಯ 6ನೇ ಸಂಪುಟದಲ್ಲಿವೆ, ನಾಗಮಂಗಲದವು 7ನೆಯದರಲ್ಲಿ. ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿ, ಕಂಬದಹಳ್ಳಿ ಎಲ್ಲವೂ ಅಲ್ಲಿ ಸಿಗುತ್ತವೆ. ನಮ್ಮ ಹುಡುಗರು ಆ ಸಂಪುಟಗಳನ್ನು ತಪ್ಪದೆ ಓದಬೇಕು. ದಾನ ಪಡೆದವನ ಗೋತ್ರ, ಸೂತ್ರ, ಅಪ್ಪ, ಅಜ್ಜ ಎಲ್ಲ ಇರುತ್ತದೆ. ದಾನ ಕೊಟ್ಟ ಗದ್ದೆಯನ್ನು ಉಳುತ್ತಿದ್ದವನು ಯಾರು ಎಂದು ಹುಡುಕುತ್ತ ಹೋದರೆ ಗದ್ದೆಯ ಎಲ್ಲೆ ಸಿಗುತ್ತದೆ, ಆಳು ಸಿಗುವುದು ಬಲು ಅಪರೂಪ. ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಹತ್ತನೆಯ ಶತಮಾನದ ಕಲ್ಲಿತ್ತು, ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಹಂದಿಯ ಜೊತೆ ಹೋರಾಡಿ ಸತ್ತ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು. ನಾಯಿಯ ಹೆಸರು ಕಾಳಿ. ಪ್ರಾಣಿಪ್ರೀತಿ ದೊಡ್ಡದು, ಅದನ್ನು ಹಳಿಯುವುದಿಲ್ಲ. ಸಾವಿರ ವರ್ಷದ ಹಿಂದೆ ಈ ಸೀಮೆಯಲ್ಲಿ ಒಂದು ನಾಯಿಗೆ ಸಿಕ್ಕ ಜಾಗ ನಮ್ಮ ಮುತ್ತಾತನಿಗೆ ಸಿಗಲಿಲ್ಲ ಅನ್ನುವುದನ್ನು ಓದಿಯೂ ನಾವು ಸುಮ್ಮನಿದ್ದೇವಲ್ಲ, ಅದಕ್ಕೆ ನನಗೆ ಸಿಟ್ಟು.

ಹಾಗೆಂದು ನಮಗೂ ಒಬ್ಬ ಸೇನಾಪತಿಯನ್ನು ಹುಡುಕಿ ಕುದುರೆಯ ಮೇಲೆ ಕೂರಿಸೋಣ ಎಂಬ ಗೆಳೆಯರ ಉತ್ಸಾಹ ನನಗಿಲ್ಲ. ಅದು ಮೇಲ್ಜಾತಿಯ ಚರಿತ್ರೆಯ ಪಡಿಯಚ್ಚು. ಮೇಲುಕೋಟೆಯ ಕತೆ ಅದರ ಅಪಾಯವನ್ನು ತೋರಿಸುತ್ತದೆ. ದಿಲ್ಲಿಯಿಂದ ಚೆಲುವನಾರಾಯಣನ ಮೂರ್ತಿಯನ್ನು ತರಲು ರಾಮಾನುಜರಿಗೆ ನಮ್ಮವರು ನೆರವಾದರಂತೆ. ಅದಕ್ಕೆ ತಿರುಕುಲದವರು ಎಂಬ ಹೆಸರು, ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಪ್ರವೇಶ. ಹೆಸರು ಕೊಟ್ಟರು ನಿಜ. ಮುನ್ನೂರ ಅರವತ್ತೈದರಲ್ಲಿ ಮೂರನ್ನು ಕಳೆದರೆ ಉಳಿಯುವ ದಿನಗಳ ಚರಿತ್ರೆಯನ್ನು ಯಾವ ಸ್ಥಳಪುರಾಣವೂ ಹೇಳುವುದಿಲ್ಲ.

ನನಗಿಂತ ಮುಂಚೆ ಈ ಸೀಮೆಯ ಆಳುಕಾಳಿನ ಲೆಕ್ಕ ಬರೆದವನು, ವಿಪರ್ಯಾಸ ನೋಡಿ, ಕಂಪನಿಯವನೇ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಪಟ್ಟಣಕ್ಕೆ ಬಂದ. ಬೆಳೆ, ನೇಗಿಲು, ಕೂಲಿ, ಜಾತಿ ಎಲ್ಲ ಬರೆದುಕೊಂಡ. ಅವನಿಗೆ ಬೇಕಾಗಿದ್ದದ್ದು ಕಂಪನಿಯ ಆದಾಯ. ಆದರೂ ಆಸ್ಥಾನಕವಿಗಳಿಗಿಂತ ಅವನು ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತಾನೆ.

ಸಂರಕ್ಷಣೆ ಬರೀ ಹಳೆಯ ಕಾಲದ ಮಾತಲ್ಲ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರು ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರು ಅನುಮತಿ ಬೇಕು. ಒಳಗಿನ ಹಳೆಯ ಮನೆಯ ರಿಪೇರಿಗೂ ಅರ್ಜಿ. ಶ್ರೀರಂಗಪಟ್ಟಣದಂಥ ದ್ವೀಪದಲ್ಲಿ ಸ್ಮಾರಕಗಳ ನಡುವೆಯೇ ಜನ ಬದುಕುತ್ತಿದ್ದಾರೆ. ರೈಲಿಗೆ ಅಡ್ಡ ಬಂದ ಮದ್ದಿನ ಮನೆಗೆ ದಾರಿ ಸಿಕ್ಕಿತು. ಮಳೆಗೆ ಗೋಡೆ ಕುಸಿದ ಕೂಲಿಯವನು ಮಾತ್ರ ಫೈಲು ಹಿಡಿದು ಅಲೆಯಬೇಕು. ಕಾಯ್ದೆ ಬೇಡ ಅನ್ನುತ್ತಿಲ್ಲ. ಅದಿಲ್ಲದಿದ್ದರೆ ಕೋಟೆ ರಿಸಾರ್ಟಾಗುತ್ತದೆ. ಸ್ಮಾರಕದ ಪಕ್ಕ ಬಾಳುವವನ ಗೋಡೆಯೂ ಸಂರಕ್ಷಣೆಯ ಖರ್ಚಿನಲ್ಲಿ ಸೇರಲಿ ಅನ್ನುತ್ತಿದ್ದೇನೆ.

ಉಳಿಸಬೇಕಾದ್ದರ ಪಟ್ಟಿಯನ್ನು ನಮ್ಮ ಕಡೆಯಿಂದ ನಾವೇ ಶುರು ಮಾಡಬೇಕು. ತೊಣ್ಣೂರಿನಂಥ ದೊಡ್ಡ ಕೆರೆ, ಅದರ ಪಕ್ಕದ ಗುಡಿ ಎರಡರ ಬಗ್ಗೆಯೂ ಪುಸ್ತಕಗಳಿವೆ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನ ಮಾಡುತ್ತಿದ್ದ ನೀರಗಂಟಿ ಈ ಭಾಗದಲ್ಲಿ ಬಹುಪಾಲು ನಮ್ಮ ಕೇರಿಯವನು. ಅವನ ಕಣ್ಣಳತೆ, ಅವನ ಮಾತು, ತೂಬಿಗೆ ಅವನಿಟ್ಟ ಹೆಸರು ಇನ್ನೂ ಕೆಲವು ಮುದುಕರ ಬಾಯಲ್ಲಿವೆ.

ಅವತ್ತು ಹೊಸ ಕನ್ನಂಬಾಡಿಯಲ್ಲಿ ನೋಟ್‌ಬುಕ್ ತೆಗೆದು, 'ಕೇರಿ ಎಲ್ಲಿತ್ತವ್ವ, ಹೇಳು' ಅಂದೆ. ದೊಡ್ಡವ್ವ ನೀರಿನ ಕಡೆ ಕೈ ಚಾಚಿದಳು. ಅವರವ್ವ ಹೇಳುತ್ತಿದ್ದಂತೆ ಒಂದು ಹುಣಸೆಮರ, ಅದರ ಬುಡದಲ್ಲಿ ಮಾರಮ್ಮನ ಕಲ್ಲು, ಅಲ್ಲಿಂದ ಪಡುವಲಿಗೆ ಏಳು ಗುಡಿಸಲು. ಐದು ಗುಡಿಸಲಿನ ಹಿರಿಯರ ಹೆಸರು ಹೇಳಿದಳು. ಆರನೆಯದು ನೆನಪಿಗೆ ಬರಲಿಲ್ಲ. 'ತಡಿ, ಏಳ್ತೀನಿ' ಅಂದು ಬಸ್ಸಿನಲ್ಲೂ ಯೋಚಿಸುತ್ತಲೇ ಬಂದಳು.