ಶೋಧಿಸದ ಮಾತು

೨೦೧೮ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವಕನೊಬ್ಬನು ಉದ್ರಿಕ್ತ ಗುಂಪಿನ ಹೊಡೆತಕ್ಕೆ ಬಲಿಯಾದನು. ಅವನೂ ಸಂಗಡಿಗರೂ ಹಿಂದಿನ ಊರಿನಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಮಕ್ಕಳ ಕಳ್ಳರೆಂಬ ಶಂಕೆಗೆ ಕಾರಣವಾಯಿತು. ವಾಟ್ಸಾಪಿನ ಮೂಲಕ ಆ ಶಂಕೆಯು ಅವರ ಕಾರಿಗಿಂತ ಮೊದಲೇ ಮುರ್ಕಿಯನ್ನು ಮುಟ್ಟಿತ್ತು.

ಹೊಡೆದವರನ್ನು ಕಾನೂನು ವಿಚಾರಿಸುತ್ತದೆ. ಆದರೆ ಇಂತಹ ಸುಳ್ಳನ್ನು ಪರೀಕ್ಷಿಸದೆ ಇತರರಿಗೆ ಕಳುಹಿಸುವವರು ತಮ್ಮನ್ನು ನಿರ್ದೋಷಿಗಳೆಂದೇ ಭಾವಿಸುತ್ತಾರೆ. ಕೃತ, ಕಾರಿತ, ಅನುಮೋದಿತವೆಂಬ ಮೂರು ಬಗೆಯ ಹಿಂಸೆಯನ್ನು ಅರಿತವರು ಈ ಭಾವನೆಯನ್ನು ಒಪ್ಪಲಾಗದು. ಊರ ಕಟ್ಟೆಯ ಗಾಳಿಮಾತಿಗೆ ಆಡಿದವನ ಮುಖವಾದರೂ ಇರುತ್ತಿತ್ತು, "ನೀನು ಕಣ್ಣಾರೆ ಕಂಡೆಯಾ?" ಎಂದು ಕೇಳುವ ಹಿರಿಯರಿದ್ದರು. ಇಲ್ಲಿ ಮುಖವೂ ಇಲ್ಲ, ಕೇಳುವವರೂ ಇಲ್ಲ.

ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಬಂದ ಸಂದೇಶವೊಂದನ್ನು ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಕಳುಹಿಸುವ ಮಿತಿಯನ್ನು ಪ್ರಕಟಿಸಿತು. ಕ್ರಮವು ಒಳ್ಳೆಯದೇ. ಆದರೆ ಸುಳ್ಳಿಗೆ ಐದು ಬಾಗಿಲು ಸಾಲದೆ?

ನೀರನ್ನು ಶೋಧಿಸಿ ಕುಡಿಯುವ ನಮ್ಮ ಮನೆಗಳಲ್ಲಿ ಮಾತನ್ನು ಶೋಧಿಸದೆ ಹಂಚುವುದು ಉಚಿತವಲ್ಲ. ಕುಟುಂಬದ ಗುಂಪಿರಲಿ, ಬಸದಿಯ ಗುಂಪಿರಲಿ, ಕಳುಹಿಸುವ ಮುನ್ನ ಕ್ಷಣಕಾಲ ಬೆರಳನ್ನು ತಡೆಯುವುದೂ ಸಂಯಮವೇ.